ಮುಟ್ಟದೆ ನೋಡುವ ವಿದ್ಯೆ



ಕಳೆದ ರಜೆಯಲ್ಲಿ ಅಂಕಪಟ್ಟಿಯ ಒಂದು ಕೆಲಸಕ್ಕಾಗಿ ನಮ್ಮ ಕಾಲೇಜಿನ ಕಚೇರಿಗೆ ಬಂದಿದ್ದೆ. ಕಂಪ್ಯೂಟರ್ ಲ್ಯಾಬಿನ ಮುಂದೆ ದ್ವಿತೀಯ ಪಿಯುಸಿಯ ನಾಲ್ಕೈದು ಮಂದಿ ನನ್ನನ್ನು ಸುತ್ತುವರಿದರು. ಮೊದಲ ಪ್ರಶ್ನೆ: "ಅಕ್ಕ, ನೀವು ಓದುವಲ್ಲಿ ಹ್ಯಾಕಿಂಗ್ ಕಲಿಸ್ತಾರಾ?" ಎರಡನೆಯ ಪ್ರಶ್ನೆ: "ಬೇರೆಯವರ ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ತೆಗೀಲಿಕ್ಕೆ ಆಗ್ತದಾ?" ಅಷ್ಟರಲ್ಲಿ ಬೆಲ್ ಹೊಡೆಯಿತು. ನಾನು ನಗುತ್ತಾ ತಪ್ಪಿಸಿಕೊಂಡೆ. ಆದರೆ ನಮ್ಮ ಕಂಪ್ಯೂಟರ್ ಸೈನ್ಸ್ ಉಪನ್ಯಾಸಕರು ಬಿಡಲಿಲ್ಲ. "ಉತ್ತರ ಬರೆದು ಕೊಡು, ವಾರ್ತಾಪತ್ರದಲ್ಲಿ ಹಾಕುವ. ಎಲ್ಲರೂ ಓದಲಿ" ಎಂದರು. ಇದು ಆ ಉತ್ತರ.

ನಾನು ಬಿ.ಎಸ್ಸಿ. ಸೈಬರ್ ಸೆಕ್ಯುರಿಟಿ ಮತ್ತು ಡಿಜಿಟಲ್ ಫೊರೆನ್ಸಿಕ್ಸ್ ಮೂರನೆಯ ವರ್ಷದಲ್ಲಿ ಓದುತ್ತಿದ್ದೇನೆ. ಹೆಸರಿನಲ್ಲಿ ಎರಡು ವಿಷಯಗಳಿವೆ. ಕಳ್ಳ ಬಾರದ ಹಾಗೆ ಬಾಗಿಲು ಭದ್ರಪಡಿಸುವುದು ಸೈಬರ್ ಸೆಕ್ಯುರಿಟಿ. ಕಳ್ಳ ಬಂದು ಹೋದ ಮೇಲೆ ಯಾವ ಬಾಗಿಲಿನಿಂದ ಬಂದ, ಏನು ಒಯ್ದ, ಏನು ಬಿಟ್ಟು ಹೋದ ಎಂದು ಕಂಡುಹಿಡಿದು ನ್ಯಾಯಾಲಯ ಒಪ್ಪುವಂತೆ ತೋರಿಸುವುದು ಡಿಜಿಟಲ್ ಫೊರೆನ್ಸಿಕ್ಸ್. ಈ ಎರಡನೆಯದರಲ್ಲಿ ನನಗೆ ಅತಿ ಹೆಚ್ಚು ಸಲ ಹೇಳಿಕೊಟ್ಟ ಪಾಠ ಹ್ಯಾಕಿಂಗ್ ಅಲ್ಲ. "ಕೈ ಹಿಂದೆ ಇಟ್ಟುಕೋ, ಮೊದಲು ನೋಡು, ಮೊದಲು ಬರೆ" ಎಂಬುದು. ಅದು ಎಷ್ಟು ದೊಡ್ಡ ಪಾಠ ಎಂದು ನನಗೆ ಗೊತ್ತಾಗಲು ಒಂದು ಕಾರಣವಿದೆ. ಅದನ್ನು ಮೊದಲು ಹೇಳುತ್ತೇನೆ.

ನಮ್ಮ ಮನೆಯಲ್ಲಿ ನಡೆದದ್ದು

ಆಗ ನಾನು ನಿಮ್ಮ ಹಾಗೆ ದ್ವಿತೀಯ ಪಿಯುಸಿಯಲ್ಲಿದ್ದೆ. ಒಂದು ಸಂಜೆ ಉಮ್ಮನ ಮೊಬೈಲಿಗೆ ಮೆಸೇಜ್ ಬಂತು. ಹಿಂದಿನ ತಿಂಗಳ ಕರೆಂಟ್ ಬಿಲ್ ಪಾವತಿಯಾಗಿಲ್ಲ, ಇಂದು ರಾತ್ರಿ 9.30ಕ್ಕೆ ಸಂಪರ್ಕ ಕಡಿತಗೊಳಿಸಲಾಗುವುದು, ಕೂಡಲೇ ಈ ನಂಬರಿಗೆ ಕರೆ ಮಾಡಿ ಎಂದು ಅದರಲ್ಲಿತ್ತು. ಉಮ್ಮ ಮನೆಯಲ್ಲೇ ಹೊಲಿಗೆ ಮಾಡುವವರು. ಮರುದಿನ ಕೊಡಬೇಕಾದ ಬಟ್ಟೆಗಳಿದ್ದವು. ಕರೆಂಟ್ ಹೋದರೆ ಕೆಲಸ ನಿಲ್ಲುತ್ತದೆ ಎಂಬ ಗಾಬರಿಯಲ್ಲಿ ಕರೆ ಮಾಡಿದರು. ಆ ಕಡೆಯವನು ತುಂಬಾ ಮರ್ಯಾದೆಯಿಂದ ಮಾತನಾಡಿ, ಒಂದು ಆ್ಯಪ್ ಹಾಕಿಸಿದ. ಅದು ಮೊಬೈಲಿನ ಪರದೆಯನ್ನು ದೂರದಿಂದ ನೋಡುವ ಆ್ಯಪ್. ನಂತರ ಬಿಲ್ ಸರಿಪಡಿಸಲು ಹತ್ತು ರೂಪಾಯಿ ಕಳಿಸಿ ಎಂದ. ಉಮ್ಮ ಪಿನ್ ಒತ್ತುವುದನ್ನು ಅವನು ಕೂತಲ್ಲಿಂದಲೇ ನೋಡಿದ. ಸ್ವಲ್ಪ ಹೊತ್ತಿನಲ್ಲಿ ಖಾತೆಯಿಂದ 38,500 ರೂಪಾಯಿ ಹೋಯಿತು. ನನ್ನ ಡಿಗ್ರಿ ಪ್ರವೇಶಕ್ಕೆಂದು ಎರಡು ವರ್ಷ ಹೊಲಿದು ಕೂಡಿಟ್ಟ ಹಣ ಅದು.

ನಮ್ಮ ಮನೆಯಲ್ಲಿ ಕಂಪ್ಯೂಟರ್ ಗೊತ್ತಿದ್ದವಳು ನಾನೊಬ್ಬಳೇ. ಟ್ಯೂಷನ್ ಮುಗಿಸಿ ಬಂದಾಗ ಉಮ್ಮ ಅಳುತ್ತಿದ್ದರು. ಮೊಬೈಲಿಗೆ ವೈರಸ್ ಬಂದಿದೆ, ಇನ್ನೂ ಹಣ ಹೋಗಬಹುದು ಎಂದು ನಾನು ಭಾವಿಸಿದೆ. ಮೊದಲು ಆ ಆ್ಯಪ್ ತೆಗೆದೆ. ಮೆಸೇಜ್ ಅಳಿಸಿದೆ. ಅದೂ ಸಾಲದೆಂದು ಇಡೀ ಮೊಬೈಲನ್ನು ಫ್ಯಾಕ್ಟರಿ ರೀಸೆಟ್ ಮಾಡಿದೆ. ಎಲ್ಲ ಶುಚಿಯಾಯಿತು ಎಂದು ಉಮ್ಮನಿಗೆ ಧೈರ್ಯ ಹೇಳಿದೆ. ನನಗೆ ನನ್ನ ಬಗ್ಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಮರುದಿನ ಮಧ್ಯಾಹ್ನ ಚಿಕ್ಕಪ್ಪನ ಜೊತೆ ಠಾಣೆಗೆ ಹೋದೆವು. ಅಲ್ಲಿದ್ದ ಅಧಿಕಾರಿ ಸಮಾಧಾನದಿಂದಲೇ ಕೇಳಿದರು: "ಮೆಸೇಜ್ ಎಲ್ಲಿದೆ ತೋರಿಸಿ. ಯಾವ ಆ್ಯಪ್? ಅದರಲ್ಲಿ ಬಂದ ಕೋಡ್ ಯಾವುದು? ಕರೆ ಮಾಡಿದ ನಂಬರ್?" ನಮ್ಮ ಬಳಿ ಬ್ಯಾಂಕಿನ ಸ್ಟೇಟ್‌ಮೆಂಟ್ ಬಿಟ್ಟರೆ ಬೇರೇನೂ ಇರಲಿಲ್ಲ. "ರೀಸೆಟ್ ಮಾಡಿದ್ದು ಯಾರು?" ಎಂದು ಕೇಳಿದಾಗ ನಾನು ತಲೆ ತಗ್ಗಿಸಿದೆ. ಅವರು ಗದರಲಿಲ್ಲ. "ಮಗಾ, ಮೊಬೈಲನ್ನು ಮುಟ್ಟದೆ ನಿನ್ನೆ ರಾತ್ರಿಯೇ 1930ಕ್ಕೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು" ಎಂದಷ್ಟೇ ಹೇಳಿದರು.

ದೂರು ದಾಖಲಾಯಿತು. ಆ ಹಣ ಇವತ್ತಿಗೂ ಬಂದಿಲ್ಲ. ಚಿಕ್ಕಪ್ಪ ಕೊಟ್ಟ ಕೈಸಾಲದಿಂದ ನಾನು ಕಾಲೇಜು ಸೇರಿದೆ. ಯಾವ ಕೋರ್ಸ್ ಎಂದು ಕೇಳಿದಾಗ ನನ್ನ ಬಾಯಿಂದ ಬಂದದ್ದು ಇದೇ ಹೆಸರು.

ಮೊದಲ ಪ್ರಾಕ್ಟಿಕಲ್‌ನಲ್ಲಿ ಸೊನ್ನೆ

ಆದರೂ ನಾನು ಬುದ್ಧಿ ಕಲಿತಿರಲಿಲ್ಲ. ನಮ್ಮ ಮೊದಲ ಫೊರೆನ್ಸಿಕ್ಸ್ ಪ್ರಾಕ್ಟಿಕಲ್‌ನಲ್ಲಿ ಒಂದೊಂದು ಪೆನ್‌ಡ್ರೈವ್ ಕೊಟ್ಟು, "ಇದು ಸಾಕ್ಷ್ಯ. ಪರೀಕ್ಷೆ ಮಾಡಿ" ಎಂದರು. ನಾನು ತಕ್ಷಣ ಅದನ್ನು ಕಂಪ್ಯೂಟರಿಗೆ ಚುಚ್ಚಿ ಫೈಲ್‌ಗಳನ್ನು ತೆರೆಯತೊಡಗಿದೆ. ಮೇಡಂ ಹಿಂದಿನಿಂದ ಬಂದು ನನ್ನ ಹಾಳೆಯ ಮೇಲೆ ಸೊನ್ನೆ ಹಾಕಿದರು. "ನೀನು ಓದುವ ಮೊದಲೇ ಕಂಪ್ಯೂಟರ್ ಅದರ ಮೇಲೆ ಬರೆದಾಯಿತು" ಎಂದರು.

ಅದು ನಿಜ. ಪೆನ್‌ಡ್ರೈವ್ ಹಾಕಿದ ಕೂಡಲೇ ವಿಂಡೋಸ್ ತನ್ನದೇ ಒಂದು ಅಡಗಿದ ಫೋಲ್ಡರನ್ನು ಅದರಲ್ಲಿ ಸೃಷ್ಟಿಸಬಹುದು. ಫೈಲನ್ನು ತೆರೆದು ಸೇವ್ ಮಾಡಿದರೆ ಕೊನೆಯ ಬಾರಿ ಬದಲಾದ ಸಮಯ ಹೊಸದಾಗುತ್ತದೆ. ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಕಾಪಿ ಮಾಡಿದರೆ ಪ್ರತಿಯ ಸೃಷ್ಟಿ ಸಮಯವೇ ಬೇರೆಯಾಗುತ್ತದೆ. ಫೈಲಿನ ಒಳಗಿನ ವಿಷಯ ಬದಲಾಗದಿದ್ದರೂ ಅದರ ಸುತ್ತಲಿನ ಮಾಹಿತಿ ಬದಲಾಗುತ್ತದೆ. ಮೊಕದ್ದಮೆಯೊಂದರಲ್ಲಿ "ಈ ಫೈಲ್ ಯಾವಾಗ ಮಾಡಿದ್ದು?" ಎಂಬುದೇ ಮುಖ್ಯ ಪ್ರಶ್ನೆಯಾಗಿದ್ದರೆ, ನನ್ನ ಒಂದು ಕ್ಲಿಕ್ ಉತ್ತರವನ್ನು ಕೆಡಿಸಿಬಿಡುತ್ತದೆ.

ಫ್ರಾನ್ಸಿನ ಲಿಯೋನ್ ನಗರದಲ್ಲಿ 1910ರಲ್ಲಿ ಪೊಲೀಸ್ ಪ್ರಯೋಗಾಲಯ ಆರಂಭಿಸಿದ ಎಡ್ಮಂಡ್ ಲೊಕಾರ್ಡ್ ಎಂಬವರ ಹೆಸರಿನಲ್ಲಿ ಒಂದು ತತ್ವವಿದೆ. ಎರಡು ವಸ್ತುಗಳು ಪರಸ್ಪರ ತಾಗಿದಾಗ ಒಂದರ ಗುರುತು ಇನ್ನೊಂದರಲ್ಲಿ ಉಳಿಯುತ್ತದೆ ಎಂಬುದು ಅದರ ಸಾರ. ಕಳ್ಳನಿಗೆ ಅನ್ವಯಿಸುವ ಈ ಮಾತು ತನಿಖೆ ಮಾಡುವವರಿಗೂ ಅನ್ವಯಿಸುತ್ತದೆ. ನಮ್ಮ ಕೈಯ ಗುರುತು ಬೀಳದ ಹಾಗೆ ನೋಡುವುದು ಹೇಗೆ? ಅದಕ್ಕೊಂದು ಕ್ರಮವಿದೆ:

1. ಮೊದಲು ಬರೆಯುವುದು. ಸಾಧನ ಎಲ್ಲಿತ್ತು, ಆನ್ ಆಗಿತ್ತೇ ಆಫ್ ಆಗಿತ್ತೇ, ಪರದೆಯ ಮೇಲೆ ಏನಿತ್ತು, ಅದರ ಮಾದರಿ ಮತ್ತು ಸೀರಿಯಲ್ ನಂಬರ್ ಏನು ಎಂದು ಫೋಟೋ ಸಹಿತ ದಾಖಲಿಸುವುದು. ಪೊಲೀಸರು ಪಂಚರ ಮುಂದೆ ಬರೆಯುವ ಮಹಜರು ಕೂಡ ಇದೇ ಕೆಲಸ.

2. ಹೊರಗಿನ ಸಂಪರ್ಕ ಕಡಿಯುವುದು. ಮೊಬೈಲ್ ನೆಟ್‌ವರ್ಕಿನಲ್ಲಿದ್ದರೆ ದೂರದಿಂದಲೇ ಯಾರಾದರೂ ಅದರಲ್ಲಿನ ಮಾಹಿತಿ ಅಳಿಸಬಹುದು. ಆದ್ದರಿಂದ ಅದನ್ನು ಸಿಗ್ನಲ್ ತಲುಪದ ಫ್ಯಾರಡೆ ಚೀಲದಲ್ಲಿ ಇಡುತ್ತಾರೆ. ಭೌತಶಾಸ್ತ್ರದಲ್ಲಿ ವಾಹಕದ ಒಳಗೆ ವಿದ್ಯುತ್ ಕ್ಷೇತ್ರ ಸೊನ್ನೆ ಎಂದು ಓದುತ್ತೀರಲ್ಲ, ಆ ಫ್ಯಾರಡೆಯೇ ಇವರು.

3. ಪ್ರತಿ ತೆಗೆಯುವುದು. ರೈಟ್ ಬ್ಲಾಕರ್ ಎಂಬ ಉಪಕರಣವನ್ನು ಡಿಸ್ಕ್ ಮತ್ತು ಕಂಪ್ಯೂಟರ್ ನಡುವೆ ಜೋಡಿಸುತ್ತೇವೆ. ಅದು ಓದುವ ಆಜ್ಞೆಯನ್ನು ಬಿಡುತ್ತದೆ, ಬರೆಯುವ ಆಜ್ಞೆಯನ್ನು ತಡೆಯುತ್ತದೆ. ನಂತರ ಡಿಸ್ಕಿನ ಮೊದಲ ಬಿಟ್‌ನಿಂದ ಕೊನೆಯ ಬಿಟ್‌ವರೆಗೆ, ಖಾಲಿ ಎಂದು ಕಾಣುವ ಜಾಗವನ್ನೂ ಸೇರಿಸಿ, ಪೂರ್ಣ ಪ್ರತಿ ತೆಗೆಯುತ್ತೇವೆ. ಇದಕ್ಕೆ ಇಮೇಜಿಂಗ್ ಎನ್ನುತ್ತಾರೆ. ಮೂಲವನ್ನು ಸೀಲ್ ಮಾಡಿ ಕಪಾಟಿನಲ್ಲಿಟ್ಟು, ಪರೀಕ್ಷೆಯನ್ನು ಪ್ರತಿಯ ಮೇಲೆ ಮಾತ್ರ ಮಾಡುವುದು.

4. ಕೈ ಬದಲಾದಾಗಲೆಲ್ಲ ಸಹಿ. ಯಾರಿಂದ ಯಾರಿಗೆ, ಎಷ್ಟು ಗಂಟೆಗೆ, ಯಾತಕ್ಕಾಗಿ ಎಂಬುದು ಒಂದು ಸಾಲೂ ತಪ್ಪದೆ ಇರಬೇಕು. ಇದು ಚೈನ್ ಆಫ್ ಕಸ್ಟಡಿ. ಸರಪಳಿಯ ಒಂದು ಕೊಂಡಿ ಕಳಚಿದರೂ ಎದುರು ಪಕ್ಷದ ವಕೀಲರು ಅಲ್ಲೇ ಹಿಡಿಯುತ್ತಾರೆ.

ಹ್ಯಾಶ್: ಗಣಿತದ ಮೊಹರು

ಪ್ರತಿಯು ಮೂಲದಂತೆಯೇ ಇದೆ, ನಡುವೆ ಯಾರೂ ಕೈಯಾಡಿಸಿಲ್ಲ ಎಂದು ತೋರಿಸುವುದು ಹೇಗೆ? ಇಲ್ಲಿ ನಿಮ್ಮ ಗಣಿತ ಪುಸ್ತಕ ಸಹಾಯಕ್ಕೆ ಬರುತ್ತದೆ. ದ್ವಿತೀಯ ಪಿಯುಸಿಯಲ್ಲಿ ಸಂಬಂಧಗಳು ಮತ್ತು ಫಲನಗಳು ಎಂಬ ಅಧ್ಯಾಯ ಇದೆಯಲ್ಲವೇ? "ಇದೆಲ್ಲ ಎಲ್ಲಿಗೆ ಉಪಯೋಗ?" ಎಂದು ನಾನೂ ಗೊಣಗುತ್ತಿದ್ದೆ. ಇಲ್ಲಿಗೆ ಉಪಯೋಗ.

ಹ್ಯಾಶ್ ಎಂಬುದು ಒಂದು ಫಲನ. ಒಂದು ಸಾಲಿನ ಪತ್ರ ಕೊಡಿ, ಎರಡು ಗಂಟೆಯ ವಿಡಿಯೋ ಕೊಡಿ, ಎಸ್‌ಎಚ್‌ಎ-256 ಎಂಬ ಹ್ಯಾಶ್ ಯಾವಾಗಲೂ 256 ಬಿಟ್‌ಗಳ ಉತ್ತರವನ್ನೇ ಕೊಡುತ್ತದೆ. ಷೋಡಶಮಾನ ಪದ್ಧತಿಯಲ್ಲಿ ಬರೆದರೆ 64 ಅಕ್ಷರ ಅಂಕೆಗಳು. ಅದೇ ಫೈಲಿಗೆ ಯಾವ ಊರಿನಲ್ಲಿ, ಯಾವ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರೂ ಅದೇ ಉತ್ತರ. ಆದರೆ ಫೈಲಿನಲ್ಲಿ ಒಂದೇ ಒಂದು ಅಲ್ಪವಿರಾಮ ಬದಲಾಯಿಸಿ, ಉತ್ತರದ ಸುಮಾರು ಅರ್ಧದಷ್ಟು ಬಿಟ್‌ಗಳು ತಲೆಕೆಳಗಾಗುತ್ತವೆ. ಹಳೆಯದಕ್ಕೂ ಹೊಸದಕ್ಕೂ ಹೋಲಿಕೆಯೇ ಇರುವುದಿಲ್ಲ.

ಈಗ ಒಂದು ಪ್ರಶ್ನೆ. ಇದು ಏಕ-ಏಕ ಫಲನವೇ? ಯೋಚಿಸಿ. ಫೈಲ್‌ಗಳ ಸಂಖ್ಯೆಗೆ ಮಿತಿಯಿಲ್ಲ. ಉತ್ತರಗಳ ಸಂಖ್ಯೆ 2ರ ಘಾತ 256, ಅಂದರೆ 78 ಅಂಕೆಗಳ ಒಂದು ಸಂಖ್ಯೆ. ದೊಡ್ಡದು ಹೌದು, ಆದರೆ ಮಿತಿಯಿದೆ. ಹಾಗಾಗಿ ಎಲ್ಲೋ ಎರಡು ಬೇರೆ ಬೇರೆ ಫೈಲ್‌ಗಳಿಗೆ ಒಂದೇ ಉತ್ತರ ಇರಲೇಬೇಕು. ಏಕ-ಏಕ ಅಲ್ಲ. ಹಾಗಾದರೆ ನಂಬುವುದು ಹೇಗೆ? ಅಂತಹ ಒಂದು ಜೋಡಿಯನ್ನು ಹುಡುಕಿ ತೆಗೆಯುವುದು ಕಾರ್ಯತಃ ಅಸಾಧ್ಯವಾಗಿರಬೇಕು, ಅಷ್ಟೇ. ಹಿಂದೆ ಬಹಳ ಬಳಕೆಯಲ್ಲಿದ್ದ ಎಂಡಿ5 ಎಂಬ ಹ್ಯಾಶಿನಲ್ಲಿ ಅಂತಹ ಜೋಡಿಗಳನ್ನು 2004ರಲ್ಲಿ ಚೀನಾದ ಗಣಿತಜ್ಞೆ ಶಿಯಾವೋಯುನ್ ವಾಂಗ್ ಮತ್ತು ಸಂಗಡಿಗರು ತೋರಿಸಿದರು. ಎಸ್‌ಎಚ್‌ಎ-1ರಲ್ಲಿ 2017ರಲ್ಲಿ ಸಿಕ್ಕಿತು. ಎಸ್‌ಎಚ್‌ಎ-256ರಲ್ಲಿ ಇದುವರೆಗೆ ಯಾರೂ ತೋರಿಸಿಲ್ಲ.

ಲಕೋಟೆಗೆ ಅರಗಿನ ಮೊಹರು ಹಾಕುತ್ತಾರಲ್ಲ, ಹ್ಯಾಶ್ ಅಂತಹ ಮೊಹರು. ವಶಪಡಿಸಿಕೊಂಡ ದಿನವೇ ಲೆಕ್ಕ ಹಾಕಿ ಬರೆದಿಟ್ಟರೆ, ಐದು ವರ್ಷಗಳ ನಂತರ ನ್ಯಾಯಾಧೀಶರ ಮುಂದೆ ಮತ್ತೆ ಲೆಕ್ಕ ಹಾಕಿ ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಬಹುದು.

ಅಳಿಸಿದ್ದು ಎಲ್ಲಿಗೆ ಹೋಗುತ್ತದೆ?

"ಡಿಲೀಟ್ ಮಾಡಿದ್ದನ್ನು ವಾಪಸ್ ತರಬಹುದಾ?" ನನಗೆ ಸಿಗುವ ಪ್ರಶ್ನೆಗಳಲ್ಲಿ ಇದಕ್ಕೆ ಮೂರನೆಯ ಸ್ಥಾನ. ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಇಲ್ಲ. ಯಾಕೆಂದು ತಿಳಿಯಲು ನಮ್ಮ ಕಾಲೇಜು ಗ್ರಂಥಾಲಯವನ್ನು ನೆನೆಸಿಕೊಳ್ಳಿ. ಪುಸ್ತಕ ಎಲ್ಲಿದೆ ಎಂದು ಹೇಳುವ ಕ್ಯಾಟಲಾಗ್ ಕಾರ್ಡನ್ನು ಮಾತ್ರ ಹರಿದು ಹಾಕಿದರೆ ಪುಸ್ತಕ ಕಪಾಟಿನಲ್ಲೇ ಇರುತ್ತದೆ. ಆ ಜಾಗದಲ್ಲಿ ಹೊಸ ಪುಸ್ತಕ ಇಡುವವರೆಗೂ ಹುಡುಕಿದರೆ ಸಿಗುತ್ತದೆ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಫ್ಯಾಟ್ ಎಂಬ ವ್ಯವಸ್ಥೆಯಲ್ಲಿ ಫೈಲ್ ಅಳಿಸಿದಾಗ ಹೆಸರಿನ ಮೊದಲ ಬೈಟ್ ಬದಲಾಗಿ "ಈ ಜಾಗ ಖಾಲಿ" ಎಂಬ ಗುರುತು ಬೀಳುತ್ತದೆ. ಒಳಗಿನ ದತ್ತಾಂಶ ಹಾಗೆಯೇ ಇರುತ್ತದೆ. ಕಾರ್ಡ್ ಪೂರ್ತಿ ಹೋಗಿದ್ದರೂ ಹುಡುಕುವ ದಾರಿಯಿದೆ. ಪ್ರತಿ ಜೆಪೆಗ್ ಚಿತ್ರವೂ ಎಫ್‌ಎಫ್ ಡಿ8 ಎಂಬ ಬೈಟ್‌ಗಳಿಂದ ಆರಂಭವಾಗಿ ಎಫ್‌ಎಫ್ ಡಿ9ರಿಂದ ಮುಗಿಯುತ್ತದೆ. ಈ ತಲೆ ಬಾಲ ಹಿಡಿದು ನಡುವಿನದನ್ನು ಹೊರತೆಗೆಯುವುದನ್ನು ಕಾರ್ವಿಂಗ್ ಎನ್ನುತ್ತೇವೆ.

ಅಳಿಸಿದ ಫೈಲೊಂದು ಕೊಲೆಗಾರನನ್ನು ಹಿಡಿದುಕೊಟ್ಟ ಪ್ರಸಿದ್ಧ ಪ್ರಕರಣವನ್ನು ನಮಗೆ ತರಗತಿಯಲ್ಲಿ ಹೇಳಿದರು. ಅಮೆರಿಕದ ಕ್ಯಾನ್ಸಾಸ್ ರಾಜ್ಯದ ವಿಚಿಟಾ ಎಂಬಲ್ಲಿ 1974ರಿಂದ 1991ರ ನಡುವೆ ಹತ್ತು ಮಂದಿಯನ್ನು ಕೊಂದ ವ್ಯಕ್ತಿಯೊಬ್ಬ ದಶಕಗಳ ಕಾಲ ಸಿಕ್ಕಿರಲಿಲ್ಲ. ಪೊಲೀಸರಿಗೆ, ಪತ್ರಿಕೆಗಳಿಗೆ ಪತ್ರ ಬರೆದು ಕೆಣಕುತ್ತಿದ್ದ. 2005ರ ಫೆಬ್ರವರಿಯಲ್ಲಿ ಒಂದು ಟಿವಿ ಕೇಂದ್ರಕ್ಕೆ ಫ್ಲಾಪಿ ಡಿಸ್ಕ್ ಕಳಿಸಿದ. ಅದರಲ್ಲಿ ಅಳಿಸಲ್ಪಟ್ಟಿದ್ದ ಒಂದು ವರ್ಡ್ ಫೈಲನ್ನು ತಜ್ಞರು ಹೊರತೆಗೆದರು. ಅದರ ಜೊತೆಗಿದ್ದ ಮಾಹಿತಿಯಲ್ಲಿ ಒಂದು ಚರ್ಚಿನ ಹೆಸರೂ, ಕೊನೆಯ ಬಾರಿ ಬದಲಾಯಿಸಿದವನ ಹೆಸರು "ಡೆನ್ನಿಸ್" ಎಂದೂ ಇತ್ತು. ಆ ಚರ್ಚಿನ ಆಡಳಿತ ಮಂಡಳಿಯ ಅಧ್ಯಕ್ಷ ಡೆನ್ನಿಸ್ ರೇಡರ್. ಕೆಲವೇ ದಿನಗಳಲ್ಲಿ ಆತನ ಬಂಧನವಾಯಿತು.

ಇದನ್ನು ಕೇಳಿದ ದಿನ ನಾನು ಆಸೆಯಿಂದ ಮೇಡಂ ಹತ್ತಿರ ಹೋಗಿ ಉಮ್ಮನ ಮೊಬೈಲಿನ ವಿಷಯ ಹೇಳಿದೆ. ಈಗಲಾದರೂ ಅದರಿಂದ ಏನಾದರೂ ತೆಗೆಯಬಹುದೇ? ಅವರು ಕುಳಿತುಕೊಳ್ಳಲು ಹೇಳಿ ವಿವರಿಸಿದರು. ಈಗಿನ ಮೊಬೈಲ್‌ಗಳಲ್ಲಿ ದತ್ತಾಂಶ ಗೂಢಲಿಪಿಯಲ್ಲಿ ಇರುತ್ತದೆ. ಅದನ್ನು ಓದುವ ಕೀಲಿ ಮೊಬೈಲಿನ ಒಳಗೇ ಇರುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದಾಗ ಆ ಕೀಲಿಯೇ ನಾಶವಾಗುತ್ತದೆ. ಗ್ರಂಥಾಲಯದ ಹೋಲಿಕೆ ಇಲ್ಲಿ ನಡೆಯುವುದಿಲ್ಲ. ಕಾರ್ಡ್ ಹರಿದದ್ದಲ್ಲ, ಪುಸ್ತಕದಲ್ಲಿದ್ದ ಅಕ್ಷರಗಳ ಅರ್ಥವೇ ಹೋದ ಹಾಗೆ.

ನಾನು ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ತುಂಬಾ ಹೊತ್ತು ಎದ್ದಿದ್ದೆ. ಹಣ ಕದ್ದವನು ಅವನೇ. ಆದರೆ ಅವನ ಹೆಜ್ಜೆ ಗುರುತು ಗುಡಿಸಿದವಳು ನಾನು. ಕರೆಯ ವಿವರ ಮೊಬೈಲ್ ಕಂಪನಿಯಲ್ಲಿ, ಹಣ ಹೋದ ದಾರಿ ಬ್ಯಾಂಕಿನಲ್ಲಿ ಇರುತ್ತದೆ ಎಂಬುದು ನಿಜ. ಆದರೆ ಮೆಸೇಜು, ಆ ಆ್ಯಪಿನ ದಾಖಲೆ, ಅದರ ಸಂಪರ್ಕದ ಕೋಡ್ ಆ ಮೊಬೈಲಿನಲ್ಲಿತ್ತು. ಅದಕ್ಕಿಂತಲೂ ದೊಡ್ಡದು ಸಮಯ. ನಾನು ರೀಸೆಟ್ ಮಾಡುತ್ತಾ ಕಳೆದ ಆ ಸಂಜೆ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಿತ್ತು.

ಸತ್ಯ ಸಾಲದು, ಕ್ರಮವೂ ಬೇಕು

ನಮ್ಮ ಕೋರ್ಸಿನಲ್ಲಿ ಕಾನೂನಿನ ಪತ್ರಿಕೆಯೂ ಇದೆ. "ವಿಜ್ಞಾನದವರಿಗೆ ಕಾನೂನು ಯಾಕೆ?" ಎಂದು ಕೇಳುವವರಿಗೆ ನಮ್ಮ ನೆರೆಯ ಕೇರಳದ ಒಂದು ಪ್ರಕರಣ ಉತ್ತರ ಕೊಡುತ್ತದೆ. 2011ರ ವಿಧಾನಸಭಾ ಚುನಾವಣೆಯಲ್ಲಿ ಏರನಾಡು ಕ್ಷೇತ್ರದಿಂದ ಗೆದ್ದ ಪಿ.ಕೆ. ಬಶೀರ್ ಅವರ ಆಯ್ಕೆಯನ್ನು ಪಿ.ವಿ. ಅನ್ವರ್ ಪ್ರಶ್ನಿಸಿದರು. ಪ್ರಚಾರದಲ್ಲಿ ಬಳಸಿದ ಹಾಡು, ಭಾಷಣ, ಘೋಷಣೆಗಳನ್ನು ಸಿ.ಡಿ.ಗಳಲ್ಲಿ ಹಾಕಿ ಸಾಕ್ಷ್ಯವಾಗಿ ಕೊಟ್ಟರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2014ರ ಸೆಪ್ಟೆಂಬರಿನಲ್ಲಿ ತೀರ್ಪು ಬಂತು. ಆ ಸಿ.ಡಿ.ಗಳು ಬೇರೆ ಸಾಧನದಿಂದ ಮಾಡಿದ ಪ್ರತಿಗಳು, ಅವುಗಳ ಜೊತೆ ಸಾಕ್ಷ್ಯ ಅಧಿನಿಯಮದ 65ಬಿ ಕಲಮಿನ ಪ್ರಮಾಣಪತ್ರ ಇಲ್ಲ, ಆದ್ದರಿಂದ ಅವನ್ನು ಸಾಕ್ಷ್ಯವಾಗಿ ಸ್ವೀಕರಿಸಲಾಗದು ಎಂದಿತು ನ್ಯಾಯಾಲಯ. ಸಿ.ಡಿ.ಯಲ್ಲಿ ಇದ್ದದ್ದು ನಿಜವೋ ಸುಳ್ಳೋ ಎಂಬ ಪ್ರಶ್ನೆಯ ಬಾಗಿಲೇ ತೆರೆಯಲಿಲ್ಲ. 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ನಿಲುವನ್ನು ಮತ್ತೆ ಎತ್ತಿಹಿಡಿಯಿತು. ಮೂಲ ಸಾಧನವನ್ನೇ ನ್ಯಾಯಾಲಯಕ್ಕೆ ತಂದರೆ ಮಾತ್ರ ಪ್ರಮಾಣಪತ್ರ ಬೇಡ ಎಂದಿತು.

ಮೊದಲ ವರ್ಷ ನಾನು 65ಬಿ ಬಾಯಿಪಾಠ ಮಾಡಿದ್ದೆ. ಆಮೇಲೆ ಕಾನೂನೇ ಬದಲಾಯಿತು. 1872ರ ಸಾಕ್ಷ್ಯ ಅಧಿನಿಯಮದ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಗೆ ಬಂತು. ದಿನಾಂಕ 1 ಜುಲೈ 2024. ಈಗ ಆ ವಿಷಯ 63ನೇ ಕಲಮಿನಲ್ಲಿದೆ. ಪ್ರಮಾಣಪತ್ರಕ್ಕೆ ಎರಡು ಭಾಗಗಳು: ಒಂದನ್ನು ಸಾಕ್ಷ್ಯ ಒದಗಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಎರಡರಲ್ಲೂ ಹ್ಯಾಶ್ ಮೌಲ್ಯ ಮತ್ತು ಯಾವ ವಿಧಾನದ ಹ್ಯಾಶ್ ಎಂದು ಬರೆಯುವ ಜಾಗವಿದೆ. ಲ್ಯಾಬಿನಲ್ಲಿ ಕಲಿತ ಗಣಿತ ದೇಶದ ಕಾನೂನಿನ ನಮೂನೆಯೊಳಗೆ ಬಂದು ಕುಳಿತಿದೆ. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯಿರುವ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಭೇಟಿ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಹೇಳುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಕಾಲಾವಕಾಶವಿದೆ. ಈ ಕೆಲಸಕ್ಕೆ ಜನ ಬೇಕಾಗಿದ್ದಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಜಾಹೀರಾತು ಬೇಕಿಲ್ಲ.

ಏನೇನು ಓದಬೇಕು?

ಈ ಕೋರ್ಸಿನಲ್ಲಿ ನಾನು ಓದಿದ್ದು, ಓದುತ್ತಿರುವುದು ಇಷ್ಟು: ಸಿ ಮತ್ತು ಪೈಥಾನ್, ಲಿನಕ್ಸ್ ಸಹಿತ ಆಪರೇಟಿಂಗ್ ಸಿಸ್ಟಂ, ಕಂಪ್ಯೂಟರ್ ನೆಟ್‌ವರ್ಕ್, ಗೂಢಲಿಪಿ ಶಾಸ್ತ್ರ, ಎಥಿಕಲ್ ಹ್ಯಾಕಿಂಗ್, ಡಿಸ್ಕ್ ಮತ್ತು ಮೊಬೈಲ್ ಫೊರೆನ್ಸಿಕ್ಸ್, ಮಾಲ್‌ವೇರ್ ಪರಿಚಯ, ಸೈಬರ್ ಕಾನೂನು, ಮತ್ತು ವರದಿ ಬರವಣಿಗೆ. ಲ್ಯಾಬಿನಲ್ಲಿ ಬಳಸುವ ಆಟೋಪ್ಸಿ, ವೈರ್‌ಶಾರ್ಕ್, ವೊಲಾಟಿಲಿಟಿ ಎಂಬ ಸಾಫ್ಟ್‌ವೇರ್‌ಗಳು ಉಚಿತವಾಗಿ ಸಿಗುತ್ತವೆ. ಆಟೋಪ್ಸಿ ಡಿಸ್ಕ್ ಇಮೇಜನ್ನು, ವೈರ್‌ಶಾರ್ಕ್ ನೆಟ್‌ವರ್ಕಿನಲ್ಲಿ ಹರಿದ ಮಾಹಿತಿಯನ್ನು, ವೊಲಾಟಿಲಿಟಿ ರ‍್ಯಾಮ್‌ನಲ್ಲಿದ್ದದ್ದನ್ನು ಪರೀಕ್ಷಿಸುತ್ತದೆ.

ಗೂಢಲಿಪಿ ಶಾಸ್ತ್ರದ ಪಾಠ ಒಂಬತ್ತನೆಯ ಶತಮಾನದ ಬಾಗ್ದಾದಿನಿಂದ ಆರಂಭವಾದದ್ದು ನನಗೆ ಖುಷಿ ಕೊಟ್ಟಿತು. ಒಂದು ಭಾಷೆಯಲ್ಲಿ ಕೆಲವು ಅಕ್ಷರಗಳು ಹೆಚ್ಚು ಸಲ ಬರುತ್ತವೆ, ಕೆಲವು ಕಡಿಮೆ. ಗೂಢಲಿಪಿಯಲ್ಲಿ ಯಾವ ಚಿಹ್ನೆ ಎಷ್ಟು ಸಲ ಬಂದಿದೆ ಎಂದು ಎಣಿಸಿದರೆ ಅದರ ಹಿಂದಿನ ಅಕ್ಷರವನ್ನು ಊಹಿಸಬಹುದು. ಈ ಎಣಿಕೆಯ ವಿಧಾನವನ್ನು ವಿವರಿಸಿದ, ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥ ಅಲ್ ಕಿಂದಿಯವರದು. ಅಲ್ಗಾರಿದಂ ಎಂಬ ಪದ ಅದೇ ಕಾಲದ ಅಲ್ ಖ್ವಾರಿಜ್ಮಿಯವರ ಹೆಸರಿನಿಂದ ಬಂದದ್ದು ಎಂಬುದು ನಿಮಗೆ ಗೊತ್ತಿರಬಹುದು.

ಯಾವ ವಿಭಾಗದವರು ಸೇರಬಹುದು? ಕಾಲೇಜಿನಿಂದ ಕಾಲೇಜಿಗೆ ನಿಯಮ ಬೇರೆ. ಕೆಲವು ಕಡೆ ಗಣಿತ ಅಥವಾ ಕಂಪ್ಯೂಟರ್ ಸೈನ್ಸ್ ಕೇಳುತ್ತಾರೆ. ಮೂರು ವರ್ಷದ ಬಿ.ಎಸ್ಸಿ., ಬಿ.ಸಿ.ಎ. ದಾರಿಯೂ ಇದೆ, ಸಿಇಟಿ ಬರೆದು ಎಂಜಿನಿಯರಿಂಗ್‌ಗೆ ಹೋಗುವ ದಾರಿಯೂ ಇದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಮುಖ್ಯ ಕೇಂದ್ರ ಗುಜರಾತಿನ ಗಾಂಧಿನಗರದಲ್ಲಿದೆ, ಅದರ ಒಂದು ಕ್ಯಾಂಪಸ್ ನಮ್ಮ ಧಾರವಾಡದಲ್ಲೇ ಇದೆ. ಸೇರುವ ಮೊದಲು ಮೂರು ವಿಷಯ ವಿಚಾರಿಸಿ. ಡಿಗ್ರಿ ಕೊಡುವ ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇದೆಯೇ? ಲ್ಯಾಬ್ ಇದೆಯೇ, ಅದರಲ್ಲಿ ರೈಟ್ ಬ್ಲಾಕರ್ ಇದೆಯೇ? ಕಲಿಸುವವರಲ್ಲಿ ಯಾರಾದರೂ ನಿಜವಾದ ಪ್ರಕರಣಗಳಲ್ಲಿ ಕೆಲಸ ಮಾಡಿದ್ದಾರೆಯೇ? ಗೋಡೆಯ ಮೇಲಿನ ದೊಡ್ಡ ಬ್ಯಾನರ್‌ಗಿಂತ ಈ ಮೂರು ಉತ್ತರಗಳು ಮುಖ್ಯ.

ಉದ್ಯೋಗದ ಬಗ್ಗೆಯೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಬ್ಯಾಂಕುಗಳು, ಐಟಿ ಕಂಪನಿಗಳು, ಲೆಕ್ಕಪರಿಶೋಧನಾ ಸಂಸ್ಥೆಗಳು ಈ ಓದಿನವರನ್ನು ತೆಗೆದುಕೊಳ್ಳುತ್ತವೆ. ಆರಂಭದಲ್ಲಿ ರಾತ್ರಿ ಪಾಳಿ ಇರಬಹುದು, ಗಂಟೆಗಟ್ಟಲೆ ಲಾಗ್ ಫೈಲ್ ನೋಡುವ ಕೆಲಸ ಇರುತ್ತದೆ. ಸರ್ಕಾರಿ ಪ್ರಯೋಗಾಲಯದ ಹುದ್ದೆಗಳಿಗೆ ಬಹುತೇಕ ಸ್ನಾತಕೋತ್ತರ ಪದವಿ ಕೇಳುತ್ತಾರೆ. ಸಿನಿಮಾದಲ್ಲಿ ತೋರಿಸುವ ಹಾಗೆ ಹತ್ತು ಸೆಕೆಂಡಿನಲ್ಲಿ ಯಾವ ಪಾಸ್‌ವರ್ಡೂ ಮುರಿಯುವುದಿಲ್ಲ. ತಾಳ್ಮೆ ಇದ್ದವರಿಗೆ, ಬರೆಯಲು ಬೇಸರಪಡದವರಿಗೆ ಇದು ಒಳ್ಳೆಯ ವಿದ್ಯೆ.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಬೇರೆಯವರ ಖಾತೆಗೆ, ಮೊಬೈಲಿಗೆ ಅನುಮತಿಯಿಲ್ಲದೆ ನುಗ್ಗುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಪ್ರಕಾರ ಅಪರಾಧ. ದುರುದ್ದೇಶದಿಂದ ಹಾಗೆ ಮಾಡಿದವರಿಗೆ 66ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. "ತಮಾಷೆಗೆ ಮಾಡಿದ್ದು" ಎಂದರೆ ಬಿಟ್ಟುಬಿಡುತ್ತಾರೆಂದು ನಂಬಬೇಡಿ. ಎಥಿಕಲ್ ಹ್ಯಾಕಿಂಗ್ ಎಂಬುದಕ್ಕೂ ಇದಕ್ಕೂ ಇರುವ ಗೆರೆ ಒಂದೇ: ಮಾಲೀಕರ ಲಿಖಿತ ಅನುಮತಿ.

ಕಾನೂನಿನ ಆಚೆಗೂ ಒಂದು ಮಾತಿದೆ. ಒಂದು ಮೊಬೈಲನ್ನು ಪರೀಕ್ಷೆ ಮಾಡುವಾಗ ನಮಗೆ ಬೇಕಾದದ್ದು ಒಂದು ಮೆಸೇಜ್ ಇರಬಹುದು. ಆದರೆ ಕಣ್ಣಿಗೆ ಬೀಳುವುದು ಒಂದು ಮನೆಯ ಮದುವೆಯ ಫೋಟೋ, ಆಸ್ಪತ್ರೆಯ ಚೀಟಿ, ಜಗಳ, ಸಾಲ, ಅಳು ಎಲ್ಲವೂ. ನಮ್ಮ ಮನೆಗಳಲ್ಲಿ ಇನ್ನೊಬ್ಬರು ನಂಬಿ ಇಟ್ಟ ವಸ್ತುವಿಗೆ ಅಮಾನತ್ ಎನ್ನುತ್ತಾರೆ. ಅದನ್ನು ಬಳಸುವ ಹಾಗಿಲ್ಲ, ಬಿಚ್ಚಿ ತೋರಿಸುವ ಹಾಗಿಲ್ಲ, ಕೇಳಿದ ದಿನ ಇಟ್ಟ ಹಾಗೆಯೇ ಹಿಂದಿರುಗಿಸಬೇಕು. ಫೊರೆನ್ಸಿಕ್ಸ್ ಪುಸ್ತಕದ ಅರ್ಧ ಪಾಠ ಆ ಒಂದು ಪದದಲ್ಲಿದೆ ಎಂದು ನನಗೆ ಅನಿಸುತ್ತದೆ.

ಮಾಡಿ ನೋಡಿ

ಓದಿ ಬಿಡಬೇಡಿ. ನಿಮ್ಮ ಉಪನ್ಯಾಸಕರ ಅನುಮತಿ ಪಡೆದು ನಮ್ಮ ಲ್ಯಾಬಿನಲ್ಲೇ ಇದನ್ನು ಮಾಡಿ.

ಒಂದು: ನೋಟ್‌ಪ್ಯಾಡಿನಲ್ಲಿ ನಿಮ್ಮ ಹೆಸರು ಬರೆದು ಸೇವ್ ಮಾಡಿ. ವಿಂಡೋಸ್‌ನ ಪವರ್‌ಶೆಲ್ ತೆರೆದು ಗೆಟ್-ಫೈಲ್‌ಹ್ಯಾಶ್ ಎಂಬ ಆಜ್ಞೆಯನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು ಫೈಲಿನ ಹೆಸರನ್ನು ಅದು ಇರುವ ಜಾಗದ ಸಮೇತ ಕೊಡಿ. ಎಸ್‌ಎಚ್‌ಎ-256 ಹ್ಯಾಶ್ ಬರುತ್ತದೆ. 64 ಅಕ್ಷರಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಿ.

ಎರಡು: ಫೈಲಿನ ಹೆಸರನ್ನು ಮಾತ್ರ ಬದಲಾಯಿಸಿ ಮತ್ತೆ ಹ್ಯಾಶ್ ತೆಗೆಯಿರಿ. ಬದಲಾಯಿತೇ? ಯಾಕೆ ಇಲ್ಲ? ನಂತರ ಒಳಗೆ ಒಂದು ಚುಕ್ಕೆ ಸೇರಿಸಿ ಸೇವ್ ಮಾಡಿ ಮತ್ತೆ ತೆಗೆಯಿರಿ.

ಮೂರು: ಮನೆಯಲ್ಲಿ ಮೊಬೈಲಿನಿಂದ ಒಂದು ತೆಂಗಿನ ಮರದ ಫೋಟೋ ತೆಗೆಯಿರಿ. ಗ್ಯಾಲರಿಯಲ್ಲಿ ಅದರ ವಿವರ ನೋಡಿ, ದಿನಾಂಕ, ಸಮಯ, ಕ್ಯಾಮೆರಾದ ಮಾದರಿ ಇರುತ್ತದೆ. ಅದೇ ಫೋಟೋವನ್ನು ವಾಟ್ಸ್‌ಆ್ಯಪ್‌ನಲ್ಲಿ ಗೆಳೆಯರಿಗೆ ಸಾಮಾನ್ಯ ಫೋಟೋ ಆಗಿ ಕಳಿಸಿ, ಅವರು ಉಳಿಸಿಕೊಂಡ ಪ್ರತಿಯ ವಿವರ ನೋಡಿ. ಎರಡನ್ನೂ ಪೆನ್‌ಡ್ರೈವಿನಲ್ಲಿ ತಂದು ಹ್ಯಾಶ್ ಹೋಲಿಸಿ. ಕಣ್ಣಿಗೆ ಒಂದೇ ಚಿತ್ರ, ಗಣಿತಕ್ಕೆ ಎರಡು. ಫಾರ್ವರ್ಡ್ ಆದ ಫೋಟೋ ಯಾಕೆ ಮೂಲವಲ್ಲ ಎಂದು ಆಗ ಗೊತ್ತಾಗುತ್ತದೆ.

ಮನೆಯಲ್ಲಿ ಹೇಳಿ

ಕೊನೆಯದಾಗಿ, ನೀವು ಈ ಕೋರ್ಸ್ ಸೇರಿ ಬಿಡಿ, ಈ ಐದು ಸಾಲುಗಳನ್ನು ಇವತ್ತೇ ಮನೆಯಲ್ಲಿ ಓದಿ ಹೇಳಿ. ನಿಮ್ಮ ಮನೆಯಲ್ಲೂ ಕಂಪ್ಯೂಟರ್ ಗೊತ್ತಿರುವವರು ನೀವೇ ಆಗಿರಬಹುದು.

ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಿ. ನಿಮಿಷಗಳು ಮುಖ್ಯ, ನಾಚಿಕೆ ಬೇಡ.

ಬ್ಯಾಂಕಿಗೂ ತಿಳಿಸಿ, ಖಾತೆ ಮತ್ತು ಕಾರ್ಡ್ ತಡೆಹಿಡಿಸಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಅಥವಾ ಹತ್ತಿರದ ಠಾಣೆಗೆ, ಜಿಲ್ಲೆಯ ಸೆನ್ ಠಾಣೆಗೆ ಹೋಗಿ.

ಮೊಬೈಲನ್ನು ಇಂಟರ್ನೆಟ್ಟಿನಿಂದ ಬೇರ್ಪಡಿಸಿ. ಕರೆ ಮಾಡಲು ಬೇರೆ ಮೊಬೈಲ್ ಬಳಸಿ.

ಮೆಸೇಜ್, ಕರೆ ಪಟ್ಟಿ, ಆ್ಯಪ್ ಯಾವುದನ್ನೂ ಅಳಿಸಬೇಡಿ. ಇನ್ನೊಂದು ಮೊಬೈಲಿನಿಂದ ಪರದೆಯ ಫೋಟೋ ತೆಗೆಯಿರಿ. ರೀಸೆಟ್ ಮಾಡಬೇಡಿ.

ಏನು ನಡೆಯಿತು, ಎಷ್ಟು ಗಂಟೆಗೆ ಎಂದು ನೆನಪು ಹಸಿಯಾಗಿರುವಾಗಲೇ ಒಂದು ಕಾಗದದಲ್ಲಿ ಬರೆದಿಡಿ.

ಕಳೆದ ಮಳೆಗಾಲದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಯ ಮೊಬೈಲಿಗೆ ಲಾಟರಿ ಬಂದಿದೆ ಎಂಬ ಕರೆ ಬಂತು. ಉಮ್ಮ ಹೊಲಿಗೆ ಯಂತ್ರ ಬಿಟ್ಟು ಎದ್ದು ಹೋಗಿ, ಫೋನ್ ಇಡಿಸಿ, ಆ ಮೊಬೈಲನ್ನು ಮೇಜಿನ ಮೇಲೆ ಇರಿಸಿ, "ಯಾರೂ ಮುಟ್ಟಬೇಡಿ, ಮೊದಲು ನಂಬರ್ ಬರೆಯಿರಿ" ಎಂದರಂತೆ. ರಾತ್ರಿ ನನಗೆ ಫೋನ್ ಮಾಡಿ ಅದನ್ನು ಹೇಳಿದರು. ಅಜ್ಜಿಯ ಹಣ ಹೋಗಿರಲಿಲ್ಲ. ನನ್ನ ಮೊದಲ ಪ್ರಾಕ್ಟಿಕಲ್‌ನ ಸೊನ್ನೆಯ ವಿಷಯವನ್ನು ನಾನು ಉಮ್ಮನಿಗೆ ಹೇಳಿಯೇ ಇರಲಿಲ್ಲ. ಅವತ್ತು ಹೇಳಿದೆ.

ಇತಿ ನಿಮ್ಮ ಅಕ್ಕ,
ಹಳೆ ವಿದ್ಯಾರ್ಥಿನಿ, ವಿಜ್ಞಾನ ವಿಭಾಗ